ಗುಡುಗಿಗೆ ಹೆದರದ ಬೋರ್ಡು

ಸ್ವಯಂ ನಿವೃತ್ತಿ ತೆಗೆದುಕೊಂಡು ಬೆಳಗಾವಿಯ ಅನಗೋಳದ ಮನೆಯಲ್ಲಿ ಕುಳಿತಿದ್ದರೂ ಆಗಾಗ ಯಾರಾದರೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಹೆಚ್ಚಿನವರು ಯಾವುದಾದರೂ ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಲ್ಯಾಬಿಗೆ ಇನ್‌ಸ್ಟ್ರಕ್ಟರ್ ಆಗಿ ಹೊಸದಾಗಿ ಸೇರಿದವರು. ಚಹಾದ ಕಪ್ಪು ಕೆಳಗಿಡುವ ಮೊದಲೇ ಅವರ ಪ್ರಶ್ನೆ ಬರುತ್ತದೆ: ಹವ್ಯಾಸಕ್ಕೆ ಪ್ರಾಜೆಕ್ಟು ಮಾಡುವವರಿಗೆ ಈಗಿರುವ ಮೈಕ್ರೋಕಂಟ್ರೋಲರ್ ಬೋರ್ಡು ಸಾಲುತ್ತಿಲ್ಲ, ಇದಕ್ಕಿಂತ ಶಕ್ತಿವಂತ ಬೋರ್ಡು ಯಾವುದು ತೆಗೆದುಕೊಳ್ಳೋಣ? ನಾನು ಉತ್ತರ ಹುಡುಕುತ್ತಿರುವಾಗ ಹೆಂಡತಿ ಸುಮಿತ್ರಾ ಅಡುಗೆಮನೆಯಿಂದಲೇ ಹೇಳುತ್ತಾಳೆ: "ಅವರನ್ನ ಕೇಳಬ್ಯಾಡ್ರಿ. ಒಂದು ಛತ್ರಿ ತರಾಕ ಹೋಗಿ ಎರಡು ತರೋ ಮನಷ್ಯಾರು ಅವರು."

ಸುಳ್ಳಲ್ಲ. ಬೆಳಗಾವಿಯ ಮಳೆಗೆ ಒಂದು ಮುರಿದರೆ ಇನ್ನೊಂದಿರಲಿ ಎಂದು ನಾನು ಎರಡು ತಂದದ್ದು ನಿಜ. ಎರಡನ್ನೂ ಒಂದೇ ಬಸ್ಸಿನಲ್ಲಿ ಮರೆತು ಇಳಿದದ್ದೂ ನಿಜ. ಬೋರ್ಡುಗಳನ್ನೂ ನಾನು ಜೀವಮಾನವಿಡೀ ಹಾಗೇ ಆರಿಸಿದವನು. ಮುಂದೆ ಏನಾದರೂ ಆದರೆ, ಏನಾದರೂ ಬೇಕಾದರೆ, ಯಾರಾದರೂ ಕೇಳಿದರೆ. ಈ ಮೂರು ಹೆದರಿಕೆಗಳೇ ನನ್ನ ತಾಂತ್ರಿಕ ಜ್ಞಾನ ಎಂದರೂ ನಡೆದೀತು. ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ಓದಿ, ನನ್ನ ಹೆದರಿಕೆಗಳನ್ನಾದರೂ ಮತ್ತೆ ಮೊದಲಿನಿಂದ ಪಡದೆ ಇರಲಿ ಎಂದು ಬರೆಯುತ್ತಿದ್ದೇನೆ.

ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದವರಿಗೆ ಎರಡು ಮಾತು. ಬೋರ್ಡು ಎಂದರೆ ಅಂಗೈಯಗಲದ ಒಂದು ಹಸಿರು ಹಲಗೆ. ಅದರ ನಡುವೆ ಜರಿಹುಳದಂತೆ ಎರಡೂ ಕಡೆ ಕಾಲುಗಳಿರುವ ಒಂದು ಕಪ್ಪು ಚಿಪ್. ನಾವು ಬರೆದ ಪ್ರೋಗ್ರಾಂ ಅದರ ಹೊಟ್ಟೆಯೊಳಗೆ ಇರುತ್ತದೆ. ಕೆಲವು ಕಾಲುಗಳಿಂದ ಅದು ಹೊರಗಿನ ಸಂಗತಿ ತಿಳಿದುಕೊಳ್ಳುತ್ತದೆ, ಬಿಸಿ ಎಷ್ಟು, ಸ್ವಿಚ್ ಒತ್ತಿದರೋ ಇಲ್ಲವೋ ಎಂದು. ಇನ್ನು ಕೆಲವು ಕಾಲುಗಳಿಂದ ಬಲ್ಬು, ಮೋಟರು ಹಚ್ಚುತ್ತದೆ, ಆರಿಸುತ್ತದೆ. ಕಾಲು ಹೆಚ್ಚಿದ್ದಷ್ಟೂ ಹೆಚ್ಚು ಕೆಲಸ, ಹೊಟ್ಟೆ ದೊಡ್ಡದಿದ್ದಷ್ಟೂ ದೊಡ್ಡ ಪ್ರೋಗ್ರಾಂ. ಅಂಗಡಿಯಲ್ಲಿ ಶಕ್ತಿವಂತ ಬೋರ್ಡು ಎಂದರೆ ಇಷ್ಟೇ ಅರ್ಥ.

ನಾನು ಪಾಲಿಟೆಕ್ನಿಕ್ಕಿನ ಲ್ಯಾಬಿಗೆ ಇನ್‌ಸ್ಟ್ರಕ್ಟರ್ ಆಗಿ ಸೇರಿದ ಕಾಲದಲ್ಲಿ ಚಿಪ್ಪಿನ ಹೊಟ್ಟೆ ಖಾಲಿ ಮಾಡುವುದೇ ದೊಡ್ಡ ಕೆಲಸವಾಗಿತ್ತು. ಬೆನ್ನ ಮೇಲೆ ಸಣ್ಣ ಗಾಜಿನ ಕಿಟಕಿ ಇರುತ್ತಿತ್ತು. ಅದರೊಳಗೆ ನೇರಳಾತೀತ ಬೆಳಕು ಬಿಟ್ಟರೆ ಹಳೆಯ ಪ್ರೋಗ್ರಾಂ ಅಳಿಸಿಹೋಗುತ್ತಿತ್ತು. ಬೆಳಕು ಬಿಡುವ ದೀಪದ ಪೆಟ್ಟಿಗೆ ಕೆಟ್ಟಾಗ, ಬಿಸಿಲಲ್ಲಿ ಕೆಲವು ದಿನ ಇಟ್ಟರೂ ಸಾಕು ಎಂದು ಎಲ್ಲೋ ಓದಿದ್ದೆ. ಲ್ಯಾಬಿನ ಚಿಪ್ಪುಗಳನ್ನೆಲ್ಲ ತಟ್ಟೆಯಲ್ಲಿಟ್ಟು, ಹಪ್ಪಳ ಒಣಗಿಸುವ ಹಾಗೆ ಮಾಳಿಗೆಯ ಮೇಲೆ ಹರಡಿದೆ. ಓದಿದ್ದು ಸರಿಯೇ ಇತ್ತು. ಆದರೆ ನಾನು ಹರಡಿದ್ದು ಆಷಾಢದಲ್ಲಿ. ಬೆಳಗಾವಿಯಲ್ಲಿ ಆಷಾಢದ ಸೂರ್ಯನನ್ನು ನಂಬಿ ಬಟ್ಟೆ ಒಣಹಾಕುವವರೇ ಇಲ್ಲ, ನಾನು ಚಿಪ್ ಹಾಕಿದ್ದೆ. ದಿನಾ ಹತ್ತಿ ಹೋಗಿ ಮೋಡ ನೋಡಿ ಇಳಿದು ಬರುತ್ತಿದ್ದೆ. ವಿಭಾಗದ ಮುಖ್ಯಸ್ಥ ದೇಸಾಯಿ ಸರ್ ಒಂದು ದಿನ ನನ್ನ ಹಿಂದೆಯೇ ಹತ್ತಿ ಬಂದು ತಟ್ಟೆ ನೋಡಿದರು, ಆಕಾಶ ನೋಡಿದರು. "ಹಿರೇಮಠ, ದೀಪಾವಳಿ ತನಕ ಕಾಯೂಣೇನು?" ಎಂದಷ್ಟೇ ಕೇಳಿ ಇಳಿದುಹೋದರು. ಮಾರನೆಯ ವಾರ ಹೊಸ ದೀಪದ ಪೆಟ್ಟಿಗೆ ಬಂತು. ಬೈಯದೆ ಕೆಲಸ ಮಾಡಿಸುವ ಮೇಲಧಿಕಾರಿಗಳು ಎಷ್ಟು ಅಪರೂಪ ಎನ್ನುವುದು ಬೈಯುವವರ ಕೈಕೆಳಗೆ ಹೋದ ಮೇಲೆ ಗೊತ್ತಾಗುತ್ತದೆ.

ಆದರೆ ದೇಸಾಯಿ ಸರ್‌ಗೂ ಒಂದು ದೌರ್ಬಲ್ಯ ಇತ್ತು. ಖರೀದಿಯ ಮಾತು ಬಂದರೆ, "ಮುಂದಿನ ಹತ್ತು ವರ್ಷ ನೋಡಬಾರದು, ಅಂಥಾದ್ದು ತಗೋಳೂಣು" ಎನ್ನುತ್ತಿದ್ದರು. ನನಗೂ ಅದೇ ಬೇಕಿತ್ತು. ಹೀಗೆ ಇಬ್ಬರೂ ಸೇರಿ ಒಮ್ಮೆ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕೂತ ದೊಡ್ಡದೊಂದು ಟ್ರೇನರ್ ಕಿಟ್ ತರಿಸಿದೆವು. ನೂರಾರು ತೂತು, ಸಾಲುಸಾಲು ದೀಪ. ಹುಡುಗರು ಕೆಡಿಸಿಯಾರೆಂದು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಹತ್ತು ವರ್ಷ ನೋಡಬಾರದು ಎಂದಿದ್ದರಲ್ಲ, ನಿಜವಾಗಿಯೂ ಯಾರೂ ನೋಡಲಿಲ್ಲ. ಒಮ್ಮೆ ಮಾತ್ರ, ತಪಾಸಣೆಗೆ ಬಂದವರಿಗೆ ತೋರಿಸಲೆಂದು ಹೊರಗೆ ತೆಗೆದೆವು. ಅವರು ಬರುವ ಮೊದಲು ಎಲ್ಲ ಸರಿ ಇದೆಯೇ ಎಂದು ನಾನು ಎಷ್ಟು ಸಲ ಚಿಪ್ ತೆಗೆದು ಹಾಕಿ ನೋಡಿದೆನೆಂದರೆ, ಕೊನೆಯ ಸಲ ತಲೆಕೆಳಗು ಹಾಕಿದ್ದೆ. ಸ್ವಿಚ್ ಹಾಕಿದ ಕೂಡಲೇ ಸುಟ್ಟ ವಾಸನೆ. ಬಂದವರಲ್ಲಿ ಹಿರಿಯರಾದವರು ಮೂಗು ಮುಚ್ಚಿಕೊಂಡು, ಕ್ಯಾಂಟೀನು ಹತ್ತಿರ ಇದೆಯೇ ಎಂದು ಕೇಳಿದರು. ದೇಸಾಯಿ ಸರ್ ಹೌದು ಎಂದು ಅವರನ್ನು ಅತ್ತ ಕರೆದುಕೊಂಡು ಹೋದರು. ಹೆಚ್ಚು ಪರೀಕ್ಷಿಸುವವನು ಹೆಚ್ಚು ಕೆಡಿಸುತ್ತಾನೆ ಎಂದು ನಾನು ಆವತ್ತೇ ಕಲಿಯಬೇಕಿತ್ತು, ಕಲಿಯಲಿಲ್ಲ.

ಎರಡು ಸಾವಿರನೇ ಇಸವಿಯ ಸುಮಾರಿಗೆ ಕಾಲ ಬದಲಾಗಿತ್ತು. ಗಾಜಿನ ಕಿಟಕಿಯ ಚಿಪ್ಪುಗಳು ಹೋಗಿ, ಕರೆಂಟಿನಿಂದಲೇ ಕಣ್ಣುಮುಚ್ಚಿ ತೆರೆಯುವುದರಲ್ಲಿ ಅಳಿಸಿ ಮತ್ತೆ ಬರೆಯಬಹುದಾದ ಚಿಪ್ಪುಗಳು ಬಂದವು. ಬೆಲೆಯೂ ಇಳಿಯಿತು. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ, ಲ್ಯಾಬಿನಲ್ಲಿ ಹವ್ಯಾಸಿಗಳಿಗೊಂದು ತರಗತಿ ನಡೆಸಲು ದೇಸಾಯಿ ಸರ್ ಒಪ್ಪಿದರು. ವಿದ್ಯಾರ್ಥಿಗಳೇ ಬರುತ್ತಾರೆಂದುಕೊಂಡಿದ್ದೆ. ಬಂದವರು ಬೇರೆ: ಒಬ್ಬ ಟೇಲರ್, ಒಬ್ಬ ಬ್ಯಾಂಕಿನವರು, ಮಚ್ಛೆಯ ಕಾರ್ಖಾನೆಗಳಲ್ಲಿ ಲೇತ್ ಮೇಲೆ ದುಡಿಯುವ ಕೆಲವರು. ಪರಶುರಾಮ ಈ ಲೇತಿನವರಲ್ಲೊಬ್ಬ. ಖಾನಾಪುರದವನು, ಕುರಿ ಕಾಯುವ ಮನೆತನ, ತಂದೆಯ ಕಾಲಕ್ಕೆ ಕುರಿ ಹೋಗಿ ಇವನ ಕಾಲಕ್ಕೆ ಪಗಾರ ಬಂದಿತ್ತು. ದಿನಾ ಖಾನಾಪುರದಿಂದ ಮಚ್ಛೆಗೆ ಬರುವವನು ಶನಿವಾರ ಇನ್ನೊಂದಿಷ್ಟು ಮುಂದೆ ಬಂದು ನಮ್ಮ ಲ್ಯಾಬ್ ಸೇರುತ್ತಿದ್ದ.

ಎಲ್ಲರೂ ದೀಪ ಮಿಣುಕಿಸುವುದನ್ನು ಕಲಿತು ಖುಷಿಪಡುತ್ತಿದ್ದಾಗ ಅವನು ಬೇರೆ ಕೇಳಿದ. "ಸರ್ರ, ಇದರಿಂದ ಕೋಳಿ ಮರಿ ಮಾಡಾಕ ಬರತೈತೇನ್ರಿ?"

ವಿಷಯ ಹೀಗಿತ್ತು. ಅವರ ಓಣಿಯ ಹೆಂಗಸರು ತತ್ತಿ ಜಾಸ್ತಿ ಇಡುತ್ತವೆ ಎಂದು ಫಾರ್ಮಿನ ಜಾತಿಯ ಕೋಳಿ ತಂದಿದ್ದರು. ತತ್ತಿಯೇನೋ ಇಡುತ್ತಿದ್ದವು, ಕಾವಿಗೆ ಕೂರುತ್ತಿರಲಿಲ್ಲ. ತಾಯ್ತನವನ್ನು ಫಾರ್ಮಿನಲ್ಲೇ ಬಿಟ್ಟು ಬಂದಂಥ ಕೋಳಿಗಳು. ಹಾಗಾಗಿ ಮರಿ ಬೇಕೆಂದರೆ ಕಾವು ಕೊಡುವ ಪೆಟ್ಟಿಗೆ ಬೇಕು. ಪರಶುರಾಮನ ಹೆಂಡತಿ ಲಗಮವ್ವ ಓಣಿಯಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದಳು: ತತ್ತಿ ನನಗ ಪಾಲಿಗಿ ಕೊಡ್ರಿ, ಹುಟ್ಟಿದ ಮರ್ಯಾಗ ಅರ್ಧಾ ನಿಮಗ, ಅರ್ಧಾ ನನಗ. ಕುರಿ, ಆಡು, ಕೋಳಿ ಹೀಗೆ ಪಾಲಿಗೆ ಕೊಡುವುದು ಆ ಕಡೆ ತಲೆಮಾರಿನ ಪದ್ಧತಿ. ಕಾಗದ ಇಲ್ಲ, ಸಾಕ್ಷಿ ಇಲ್ಲ, ಸಾಕುವವರ ಮಾತೇ ಎಲ್ಲ. ಪ್ರತಿ ಮನೆಯವರೂ ತಮ್ಮ ತತ್ತಿಯ ಮೇಲೆ ಇದ್ದಲಿನಿಂದ ಗುರುತು ಹಾಕಿ ಕೊಡುತ್ತಾರೆ.

ನಾನು ಉತ್ಸಾಹದಿಂದ ಒಪ್ಪಿದೆ. ಲ್ಯಾಬಿನಲ್ಲಿ ಇಪ್ಪತ್ತು ಕಾಲಿನ ಸಣ್ಣ ಚಿಪ್ಪಿನ ಬೋರ್ಡು ಇತ್ತು. ಬಿಸಿ ಅಳೆಯುವುದಕ್ಕೆ ಒಂದು ಸೆನ್ಸರ್, ಕಾವಿಗೆ ಬಲ್ಬು, ತತ್ತಿಯ ತಟ್ಟೆಯನ್ನು ಆಗಾಗ ಹೊರಳಿಸಲು ಒಂದು ಸಣ್ಣ ಮೋಟರು. ಕೋಳಿ ಕೊಕ್ಕಿನಿಂದ ತತ್ತಿ ಹೊರಳಿಸುತ್ತದಲ್ಲ, ಆ ಕೆಲಸ ಮೋಟರಿನದು. ಮೂರು ವಾರದ ಕಾವಿನಲ್ಲಿ ಕೊನೆಯ ಕೆಲವು ದಿನ ಮಾತ್ರ ತತ್ತಿಯನ್ನು ಅಲುಗಿಸಬಾರದು, ಮರಿ ಹೊರಬರಲು ಸರಿಯಾಗಿ ತಿರುಗಿ ಕೂತಿರುತ್ತದೆ. ಆದ್ದರಿಂದ ಚಿಪ್ ದಿನ ಎಣಿಸುತ್ತ ಹೋಗಿ ಆ ಹೊತ್ತಿಗೆ ಮೋಟರು ನಿಲ್ಲಿಸಬೇಕು. ಪ್ರೋಗ್ರಾಂ ಬರೆದೆ, ಪರಶುರಾಮ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿದ. ಒಳಗೆ ಥರ್ಮೋಕೋಲ್, ಮೇಲೆ ಗಾಜು. ಅವನು ಮಾಡಿದ ಪೆಟ್ಟಿಗೆ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಪ್ಪಿದ್ದು ನನ್ನ ಭಾಗ.

ಮೊದಲ ಸಲದ ತತ್ತಿಯಲ್ಲಿ ಒಂದು ಮರಿಯೂ ಬರಲಿಲ್ಲ. ಒಡೆದು ನೋಡಿದರೆ ಮರಿಗಳು ಪೂರ್ತಿ ಬೆಳೆದಿದ್ದವು, ರೆಕ್ಕೆಯ ಪುಕ್ಕವೂ ಮೂಡಿತ್ತು. ತಲೆ ಮಾತ್ರ ಅಡ್ಡಕ್ಕೆ ಸಿಕ್ಕಿಕೊಂಡಿತ್ತು. ಕರೆಂಟ್ ಹೋದಾಗಲೆಲ್ಲ ಚಿಪ್ ಎಚ್ಚರ ತಪ್ಪಿ, ಬಂದಾಗ ಎಲ್ಲವನ್ನೂ ಮರೆತು ಮತ್ತೆ ಮೊದಲನೇ ದಿನದಿಂದ ಎಣಿಸುತ್ತಿತ್ತು. ನಿಲ್ಲಿಸುವ ದಿನ ಅದರ ಲೆಕ್ಕದಲ್ಲಿ ಬರಲೇ ಇಲ್ಲ. ಮೋಟರು ಕೊನೆಯವರೆಗೂ ತತ್ತಿ ಹೊರಳಿಸುತ್ತಲೇ ಇತ್ತು.

ಲಗಮವ್ವ ತಾನೇ ಮನೆಮನೆಗೆ ಹೋಗಿ ಹೇಳಿ ಬಂದಳಂತೆ. ಹೆಚ್ಚಿನವರು ಹೋಗಲಿ ಬಿಡು ಎಂದರು. ಓಣಿಯ ಹಿರಿಯಳಾದ ಶಾಂತಾ ಕಾಕು ಮಾತ್ರ ಹಾಗೆ ಬಿಡಲಿಲ್ಲ. ಮನೆಯಲ್ಲಿ ಮರಾಠಿ ಮಾತಾಡುವವಳು, ಅಂದು ಸಿಟ್ಟಿಗೆ ಕನ್ನಡದಲ್ಲೇ ಹೇಳಿದಳಂತೆ: "ನಾವು ಹಲಿಗಿಗಿ ತತ್ತಿ ಕೊಟ್ಟಿರಲಿಲ್ಲ ಲಗಮವ್ವ. ನಿನಗ ಕೊಟ್ಟಿದ್ವಿ."

ಇದನ್ನು ನನಗೆ ಲಗಮವ್ವಳೇ ಹೇಳಿದಳು, ನಾನು ಮೋರೆ ಸಣ್ಣ ಮಾಡಿಕೊಂಡು ಖಾನಾಪುರಕ್ಕೆ ಹೋದ ದಿನ. ಚಹಾ ಕೊಟ್ಟಳು. ಒಂದು ಕಟು ಮಾತೂ ಆಡಲಿಲ್ಲ, ಅದೇ ಹೆಚ್ಚು ಚುಚ್ಚಿತು. ಕೊನೆಗೆ ಹೇಳಿದಳು: "ಸರ್ರ, ಇನ್ನೊಂದು ಸಲ ಕೇಳ್ತೀನಿ ನಾನು ಮಂದೀನ. ಮೂರನೇ ಸಲ ಕೇಳಾಕ ನನಗ ಮಾರಿ ಇಲ್ಲ."

ತತ್ತಿ ಹಾಳಾದರೆ ಮತ್ತೆ ತತ್ತಿ ಬರುತ್ತದೆ. ಪಾಲಿನ ಮಾತು ಹಾಳಾದರೆ ಆ ಓಣಿಯಲ್ಲಿ ಅವಳಿಗೆ ನಾಳೆ ಯಾರೂ ಒಂದು ಆಡಿನ ಮರಿಯನ್ನೂ ಪಾಲಿಗೆ ಕೊಡುವುದಿಲ್ಲ. ಬಸ್ಸಿನಲ್ಲಿ ಬರುವಾಗ ಇದೇ ಯೋಚನೆ. ಇನ್ನು ಆ ಸಣ್ಣ ಬೋರ್ಡು ಸಾಲದು, ಶಕ್ತಿವಂತ ಬೋರ್ಡೇ ಬೇಕು ಎಂದು ನಿರ್ಧರಿಸಿದೆ.

ಬೆಳಗಾವಿಯ ಪೇಟೆಯಲ್ಲಿ ಬಿಡಿಭಾಗ ಮಾರುವ ಇಕ್ಬಾಲ್ ಭಾಯಿ ನನ್ನ ಹಳೆಯ ಗೆಳೆಯ. ಅಂಗಡಿ ಎಂದರೆ ಎದುರೆದುರು ಇಬ್ಬರು ನಿಂತರೆ ಮೂರನೆಯವನಿಗೆ ಜಾಗವಿಲ್ಲ. ಗೋಡೆಗೆಲ್ಲ ಸಣ್ಣ ಸಣ್ಣ ಪ್ಲಾಸ್ಟಿಕ್ ಡ್ರಾಯರುಗಳು. ನನ್ನ ಕಥೆಯೆಲ್ಲ ಕೇಳಿ ಅವರು ಮೂರು ಬೋರ್ಡು ಮುಂದಿಟ್ಟರು. ಒಂದು ನಾನು ಬಳಸಿದ್ದೇ. ಎರಡನೆಯದು ನಲವತ್ತು ಕಾಲಿನದು, ಹೊಟ್ಟೆ ನಾಲ್ಕು ಪಟ್ಟು ದೊಡ್ಡದು. ಮೂರನೆಯದೂ ನಲವತ್ತು ಕಾಲಿನದೇ, ಆದರೆ ಬೋರ್ಡಿನ ಮೂಲೆಯಲ್ಲಿ ಇನ್ನೇನೇನೋ ಕೂತಿದ್ದವು. ಅದು ತಿಂಗಳುಗಟ್ಟಲೆಯಿಂದ ಮಾರಾಟವಾಗದೆ ಬಿದ್ದಿದೆ ಎಂದರು. ಮಾರಾಟವಾಗದ್ದನ್ನು ಕೊಂಡರೆ ಏನಾದರೂ ದೋಷ ಇದ್ದೀತೆಂದು ನನಗೆ ಹೆದರಿಕೆ. ಅದರತ್ತ ನೋಡಲೂ ಇಲ್ಲ, ಎರಡನೆಯದನ್ನು ಎತ್ತಿಕೊಂಡೆ.

"ಕಾಲು ಎಷ್ಟು ಬೇಕ್ರಿ ಸರ್ ನಿಮಗ?" ಎಂದು ಇಕ್ಬಾಲ್ ಭಾಯಿ ಕೇಳಿದರು.

ನಾನು ಎಣಿಸಿರಲಿಲ್ಲ. ಹೆಚ್ಚಿಗೆ ಇರಲಿ ಎಂದೆ.

"ಓಡಿಹೋಗೂದೈತೇನು ಅದಕ?" ಎಂದು ನಕ್ಕು ಕಾಗದದಲ್ಲಿ ಸುತ್ತಿ ಕೊಟ್ಟರು.

ನಲವತ್ತು ಕಾಲಿನಲ್ಲಿ ಅರ್ಧಕ್ಕರ್ಧ ಖಾಲಿ ಉಳಿದವು. ಉಳಿದವುಗಳಿಗೂ ಕೆಲಸ ಹುಡುಕಿದೆ: ಎಷ್ಟನೇ ದಿನ ಎಂದು ತೋರಿಸುವ ಅಂಕಿ, ಅಲಾರಮ್ಮು, ಕೆಂಪು ದೀಪ, ಹಸಿರು ದೀಪ, ನೀರಿನ ತಟ್ಟೆ ಒಣಗಿದರೆ ಹಳದಿ ದೀಪ. ಪೆಟ್ಟಿಗೆಯ ಮುಂಭಾಗ ನೋಡಿದರೆ ರೈಲ್ವೆ ಕ್ಯಾಬಿನ್ನಿನ ಹಾಗಿತ್ತು. ಮುಖ್ಯವಾದ ಸಂಗತಿ ಮಾತ್ರ ಮರೆತಿರಲಿಲ್ಲ. ಕರೆಂಟ್ ಹೋದರೂ ಬೋರ್ಡು ಎಚ್ಚರವಾಗಿರಲಿ ಎಂದು ಸ್ಕೂಟರಿನ ಹಳೆಯ ಬ್ಯಾಟರಿ ಜೋಡಿಸಿದೆ. ಬಲ್ಬು ಆರಿದರೂ ಲೆಕ್ಕ ತಪ್ಪುವುದಿಲ್ಲ. ಕಾವು ಆರದ ಹಾಗೆ ಲಗಮವ್ವ ಪೆಟ್ಟಿಗೆಗೆ ಕಂಬಳಿ ಹೊದಿಸುತ್ತಿದ್ದಳು. ಅವಳ ಮಾವ ಕುರಿ ಕಾಯುವಾಗ ಹೊದೆಯುತ್ತಿದ್ದ ಕರಿ ಕಂಬಳಿ, ಸಾಕಷ್ಟು ಹೊತ್ತು ಬಿಸಿ ಹಿಡಿದಿಡುತ್ತಿತ್ತು.

ಈ ಸಲ ತತ್ತಿ ಇಡದೆ, ಖಾಲಿ ಪೆಟ್ಟಿಗೆಯನ್ನೇ ಕೆಲವು ವಾರ ನಡೆಸಿ ನೋಡೋಣ ಎಂದೆ. ಹೆದರುಪುಕ್ಕಲುತನದಿಂದ ನನಗೆ ಆದ ಲಾಭಗಳು ಕಡಿಮೆ, ಇದೊಂದು.

ಒಂದು ವಾರದ ಮೇಲೆ ಪರಶುರಾಮ ಬಂದು ಹೇಳಿದ, ದಿನ ಮತ್ತೆ ಒಂದಕ್ಕೇ ಬಂದಿದೆ. ನಾನು ಪ್ರೋಗ್ರಾಮಿನ ಮೇಲೆ ಅನುಮಾನಪಟ್ಟು ತಿದ್ದಿದೆ. ಚಿಪ್ಪನ್ನು ಸೋಪಿನ ಡಬ್ಬಿಯಲ್ಲಿ ಥರ್ಮೋಕೋಲಿಗೆ ಚುಚ್ಚಿ ಅವನು ಒಯ್ದ, ಹಾಕಿದ. ಮತ್ತೆ ಒಂದಕ್ಕೇ ಬಂತು. ಬ್ಯಾಟರಿ ಬದಲಿಸಿದೆವು. ಮೋಟರು ನಿಲ್ಲುವಾಗ ವೈರಿನಲ್ಲಿ ಜರ್ಕ್ ಬರುತ್ತಿರಬಹುದೆಂದು ಅದಕ್ಕೊಂದು ತಡೆ ಹಾಕಿದೆ. ಇಕ್ಬಾಲ್ ಭಾಯಿ ಕೊಟ್ಟ ಬೋರ್ಡೇ ಕೆಟ್ಟದ್ದೆಂದು ಮನಸ್ಸಿನಲ್ಲೇ ಅವರ ಮೇಲೆ ಆರೋಪ ಹೊರಿಸಿ, ಅಂಗಡಿಯ ಮುಂದೆ ಹಾಯುವಾಗ ತಲೆ ಬಗ್ಗಿಸಿ ಹೋದೆ. ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ ಎಂದು ಪರಶುರಾಮನನ್ನು ಕೇಳಿದ್ದೆ. ಬ್ಯಾಟರಿ ಸುಲಭವಾಗಿ ತಡೆದುಕೊಳ್ಳುವಷ್ಟು ಹೊತ್ತೇ ಹೋಗುತ್ತಿತ್ತು. ಹಾಗಾದರೆ ಚಿಪ್ ಮರೆಯುವುದೇಕೆ? ಆ ದಿನಗಳಲ್ಲಿ ನಾನು ಊಟ ಮಾಡುತ್ತ ಕೈ ನಿಲ್ಲಿಸಿಬಿಡುತ್ತಿದ್ದೆ. ಸುಮಿತ್ರಾ, ನಿಮಗೂ ಕರೆಂಟ್ ಹೋಯ್ತೇನು ಎನ್ನುತ್ತಿದ್ದಳು.

ಅತ್ತ ಓಣಿಯಲ್ಲಿ ಹೆಂಗಸರು ಲಗಮವ್ವಳನ್ನು, ನಿನ್ನ ಪೆಟ್ಟಿಗೆ ಖಾಲಿಯೇ ಕಾವಿಗೆ ಕೂತಿದೆಯಲ್ಲ ಎಂದು ಚಾಷ್ಟಿ ಮಾಡತೊಡಗಿದ್ದರು. ಕಣ್ಣಾರೆ ನೋಡಿಯೇ ಬಿಡೋಣ ಎಂದು ಒಂದು ರವಿವಾರ ಮೀಟರು, ಸೋಲ್ಡರಿಂಗ್ ಕಡ್ಡಿ, ಎರಡು ಛತ್ರಿ ಹಿಡಿದುಕೊಂಡು ಖಾನಾಪುರಕ್ಕೆ ಹೋದೆ.

ಮಧ್ಯಾಹ್ನದವರೆಗೂ ಅಳೆದದ್ದೇ ಅಳೆದದ್ದು. ಎಲ್ಲ ಸರಿ ಇತ್ತು. ಊಟಕ್ಕೆ ಕರೆದರು. ರೊಟ್ಟಿ, ಪುಂಡಿಪಲ್ಯ. ಲಗಮವ್ವ ಬಡಿಸುತ್ತ ತನ್ನ ತಂಗಿಯ ಲಗ್ನದಲ್ಲಿ ಬೀಗರು ಎಷ್ಟು ಸೊಕ್ಕು ಮಾಡಿದರು ಎಂಬ ಕಥೆ ಹೇಳುತ್ತಿದ್ದಳು. ಪಶ್ಚಿಮದ ಕಡೆ ಮೋಡ ಕಟ್ಟಿತ್ತು. ದೂರದಲ್ಲಿ ಒಮ್ಮೆ ಗುಡುಗಿತು.

ಅವಳು ಮಾತು ಅರ್ಧಕ್ಕೆ ಬಿಟ್ಟು ಎದ್ದಳು. ಟಿವಿಯ ಪ್ಲಗ್ ಕಿತ್ತಳು. ಅಂಟೆನಾದ ವೈರ್ ಬಿಚ್ಚಿ ಕಿಟಕಿಯ ಹೊರಗೆ ಎಸೆದಳು. ಪೆಟ್ಟಿಗೆಯ ಪ್ಲಗ್ ಕಿತ್ತಳು. ಆಮೇಲೆ ಬಗ್ಗಿ, ಬ್ಯಾಟರಿಗೆ ನಾನು ಹಚ್ಚಿದ್ದ ಎರಡು ಮೊಸಳೆ ಕ್ಲಿಪ್ಪುಗಳನ್ನು ಒಂದಾದ ಮೇಲೊಂದು ತೆಗೆದು ಪಕ್ಕಕ್ಕಿಟ್ಟಳು. ಕಂಬಳಿ ಹೊದಿಸಿದಳು. ಬಂದು ಕೂತು, "ಹಾಂ, ಅದಕ ನಮ್ಮ ತಂಗಿ ಅತ್ತಿ ಏನಂದಳು ಅಂದರ," ಎಂದು ಕಥೆ ಮುಂದುವರಿಸಿದಳು.

ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಪರಶುರಾಮನ ಮುಖ ನೋಡಿದೆ. ಅವನು ಪಲ್ಯ ಹಾಕಿಸಿಕೊಳ್ಳುತ್ತಿದ್ದ. ಅವನ ಮಟ್ಟಿಗೆ ಏನೂ ನಡೆದೇ ಇರಲಿಲ್ಲ.

"ತಂಗಿ, ಆ ಬ್ಯಾಟರಿ ವೈರು ಯಾಕ ತಗದಿ?" ಎಂದು ಲಗಮವ್ವಳನ್ನು ಕೇಳಿದೆ.

"ಗುಡಗಿತಲ್ರಿ."

"ಪ್ರತಿ ಸಲ ತಗೀತಿಯೇನು?"

"ಮತ್ತ? ಕರೆಂಟಿಂದಷ್ಟ ತಗದು ಬ್ಯಾಟರೀದು ಬಿಟ್ಟರ ಸಿಡ್ಲು ಸುಮ್ಮನ ಹೊಕ್ಕೈತೇನ್ರಿ? ಹ್ವಾದ ವರ್ಷ ಕಾಕೂನ ಮನ್ಯಾಗ ಟಿವಿ ಸುಟ್ಟು ಕರ್ರಗಾತು." ನನ್ನ ತಾಟಿಗೆ ಪಲ್ಯ ಹಾಕುತ್ತ, "ನೀವ ಚಲೋ ಮಾಡೀರಿ, ಚಿಮಟಿ ಹಚ್ಚೀರಿ. ಲಗೂನ ಬಿಚ್ಚಾಕ ಬರತೈತಿ," ಎಂದಳು.

ಕ್ಲಿಪ್ ಆರಿಸಿದ್ದಕ್ಕೆ ನನಗೆ ಸಿಕ್ಕ ಪ್ರಶಂಸೆ ಅದೊಂದೇ.

ಕರೆಂಟ್ ಹೋಗುತ್ತದೆಯೇ ಎಂದು ನಾನು ಎಷ್ಟೋ ಸಲ ಕೇಳಿದ್ದೆ. ಅವರು ಪ್ರಾಮಾಣಿಕವಾಗಿ ಉತ್ತರ ಕೊಟ್ಟಿದ್ದರು. ತಾವೇ ಕಿತ್ತರೆ ಅದು ಕರೆಂಟ್ ಹೋದಂತಲ್ಲ. ಬಾಗಿಲಿಗೆ ಅಗಳಿ ಹಾಕಿದ ಹಾಗೆ, ಗುಡುಗಿದರೆ ವೈರ್ ಕೀಳುವುದು. ಆ ಕಡೆ ಅದನ್ನು ಯಾರೂ ಸುದ್ದಿಯೆಂದು ಹೇಳುವುದಿಲ್ಲ. ನಗು ಬರುವ ಸಂಗತಿ ಏನೆಂದರೆ ಅನಗೋಳದಲ್ಲಿ ನಾನೂ ಅದನ್ನೇ ಮಾಡುತ್ತೇನೆ. ಮೊದಲ ಗುಡುಗಿಗೇ ಮನೆಯೆಲ್ಲ ಓಡಾಡಿ ಪ್ಲಗ್ ಕೀಳುವವನು ನಾನು. ಪಕ್ಕದ ಮನೆಯವರಿಗೂ ಕೀಳಿರೆಂದು ಕೂಗಿ ಹೇಳುವವನು. ಆದರೆ ಪ್ರೋಗ್ರಾಂ ಬರೆಯಲು ಕುಳಿತಾಗ ಮಾತ್ರ ಖಾನಾಪುರದಲ್ಲಿ ಯಾರೋ ಬೇರೆಯೇ ಥರದ ಜನ ಇದ್ದಾರೆ, ಅವರು ಗುಡುಗಿಗೆ ಏನೂ ಮಾಡುವುದಿಲ್ಲ ಎಂದುಕೊಂಡಿದ್ದೆ.

ಇನ್ನು ಮೇಲೆ ಬ್ಯಾಟರಿ ತೆಗೆಯಬೇಡ ಎಂದು ಹೇಳಬಹುದಿತ್ತು. ಬಾಯಿಗೂ ಬಂತು. ಆದರೆ ಸಿಡಿಲು ಬಡಿದರೆ ಸುಡುವುದು ಅವಳ ಮನೆ. ಮೇಲಾಗಿ ನನ್ನಂಥವನು ಇನ್ನೊಬ್ಬರಿಗೆ ಹೆದರಬೇಡ ಎಂದು ಹೇಳುವ ಬಾಯಿ ಎಲ್ಲಿಂದ ತರಲಿ? ಅವಳು ಕೀಳಲಿ. ಕಿತ್ತರೂ ಮರೆಯದ ಬೋರ್ಡು ಹುಡುಕುವುದು ನನ್ನ ಕೆಲಸ.

ಸೋಮವಾರ ಇಕ್ಬಾಲ್ ಭಾಯಿಯ ಅಂಗಡಿಗೆ ಹೋಗಿ, ಮೊದಲು ಮನಸ್ಸಿನಲ್ಲೇ ಮಾಡಿದ್ದ ಆರೋಪವನ್ನು ಮನಸ್ಸಿನಲ್ಲೇ ಹಿಂದೆ ತೆಗೆದುಕೊಂಡೆ. ಆಮೇಲೆ ಆ ಮೂರನೆಯ ಬೋರ್ಡು ಕೇಳಿದೆ. ಈ ಸಲ ಓದಿ ನೋಡಿದೆ. ಅದರ ಚಿಪ್ಪಿನಲ್ಲಿ, ಕರೆಂಟ್ ಇರಲಿ ಬಿಡಲಿ ಬರೆದದ್ದು ಅಳಿಯದ ಒಂದು ಸಣ್ಣ ಜಾಗ ಇತ್ತು. ಆದರೆ ಅಷ್ಟೇ ಇದ್ದರೆ, ಅದು ಮಲಗುವ ಮೊದಲು ಎಲ್ಲಿದ್ದೆ ಎಂದು ಹೇಳುತ್ತದೆ, ಎಷ್ಟು ಹೊತ್ತು ಮಲಗಿದ್ದೆ ಎಂದು ಹೇಳುವುದಿಲ್ಲ. ಮೂಲೆಯಲ್ಲಿ ಕೂತಿದ್ದ ಇನ್ನೊಂದು ಸಣ್ಣ ಚಿಪ್ ಗಡಿಯಾರದ್ದು. ಅದಕ್ಕೆ ಬೋರ್ಡಿನ ಮೇಲೇ ಬೆಸುಗೆ ಹಾಕಿದ ನಾಣ್ಯದಾಕಾರದ ಒಂದು ಸೆಲ್. ಎಲ್ಲ ವೈರ್ ಕಿತ್ತರೂ ಅದು ತನ್ನ ಪಾಡಿಗೆ ಹೊತ್ತು ಎಣಿಸುತ್ತಿರುತ್ತದೆ. ಬೋರ್ಡು ಎದ್ದಾಗ ಗಡಿಯಾರ ನೋಡಿ, ಇಂದು ಇಷ್ಟನೇ ದಿನ ಎಂದು ತಿಳಿದುಕೊಳ್ಳುತ್ತದೆ.

ವೇಗದಲ್ಲಿ ಅದು ಎರಡನೆಯದಕ್ಕಿಂತ ಒಂದು ಗುಂಜಿಯೂ ಹೆಚ್ಚಲ್ಲ. ಕಾಲುಗಳೂ ಅಷ್ಟೇ. ಹುಡುಗರು ಯಾರೂ ಅದನ್ನು ಕೊಳ್ಳದಿದ್ದುದೂ ಅದಕ್ಕೇ ಇರಬೇಕು. ಅವರು ದೀಪ ಮಿಣುಕಿಸುತ್ತಿದ್ದರು, ಎಷ್ಟು ಹೊತ್ತು ಆರಿತ್ತು ಎಂದು ಕೇಳುವ ಅಗತ್ಯ ದೀಪಕ್ಕಿಲ್ಲ. "ಬರ್ಕತ್ ಇಲ್ಲದ ಮಾಲು ಅಂತ ಇಟ್ಟಿದ್ದೆ ಸರ್," ಎಂದು ಇಕ್ಬಾಲ್ ಭಾಯಿ ಧೂಳು ಒರೆಸಿ ಕೊಟ್ಟರು.

ಅದನ್ನು ಹಾಕಿದ ದಿನ ಲಗಮವ್ವಳನ್ನು ಕರೆದು ಆ ಸೆಲ್ ತೋರಿಸಿದೆ. ಅವಳಿಗೆ ತಿಳಿಸದೆ ಮನೆಯಲ್ಲಿ ಒಂದು ಬ್ಯಾಟರಿ ಬಚ್ಚಿಡುವುದು ನನಗೆ ಸರಿ ಕಾಣಲಿಲ್ಲ. ಬಗ್ಗಿ ನೋಡಿದಳು. "ಇದಕ ಹೊರಗಿಂದ ವೈರು?" ಎಂದು ಕೇಳಿದಳು. ಇಲ್ಲ ಎಂದೆ. "ಹಂಗಾರ ಸಿಡ್ಲಿಗಿ ಇದರ ಮನಿ ಗೊತ್ತಿಲ್ಲ ಬಿಡ್ರಿ, ಇರಲಿ," ಎಂದು ಒಪ್ಪಿಗೆ ಕೊಟ್ಟಳು. ಕೆಂಪು, ಹಸಿರು, ಹಳದಿ ದೀಪಗಳನ್ನೆಲ್ಲ ನಾನೇ ತೆಗೆದುಹಾಕಿದೆ. ಸ್ಕೂಟರಿನ ಬ್ಯಾಟರಿಯನ್ನೂ ಬಿಚ್ಚಿ ತೆಗೆದೆ. ಪೆಟ್ಟಿಗೆ ಸ್ವಲ್ಪ ಬೋಳಾಗಿ ಕಂಡಿತು.

ಖಾಲಿ ಪೆಟ್ಟಿಗೆ ಆ ಮುಂಗಾರಿನ ಗುಡುಗನ್ನೆಲ್ಲ ಹಾದು, ದಿನ ತಪ್ಪದೆ ಎಣಿಸಿ, ಸರಿಯಾದ ದಿನ ಮೋಟರು ನಿಲ್ಲಿಸಿತು. ಆಮೇಲೆ ಲಗಮವ್ವ ಓಣಿಗೆ ಹೋಗಿ ಎರಡನೆಯ ಸಲ ಕೇಳಿದಳು. ಕೊಟ್ಟರು, ಆದರೆ ಕೈ ಬಿಗಿಹಿಡಿದು ಕೊಟ್ಟರು. ಶಾಂತಾ ಕಾಕು ಒಂದೇ ಒಂದು ತತ್ತಿ ಕೊಟ್ಟಳಂತೆ, ಇದ್ದಲಿನಿಂದ ಸುತ್ತಲೂ ಮೂರು ಗೆರೆ ಎಳೆದು.

ಆ ಮೂರು ವಾರ ನಾನು ಹೇಗಿದ್ದೆ ಎಂದು ಬರೆಯುವುದು ಬೇಡ. ಅನಗೋಳದಲ್ಲಿ ಗುಡುಗಿದರೆ ಖಾನಾಪುರದಲ್ಲಿ ಮೊದಲೇ ಗುಡುಗಿರುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಗಡಿಯಾರದ ಚಿಪ್ ನಿಧಾನ ನಡೆದರೆ? ಸೆಲ್ ಹಳೆಯದಾಗಿದ್ದರೆ? ಕಂಬಳಿ ಗಾಳಿಯ ತೂತು ಮುಚ್ಚಿದರೆ? ಮೋಟರು ನಿಲ್ಲಬೇಕಾದ ದಿನ ಪರಶುರಾಮ ಮಚ್ಛೆಯಿಂದ ಫೋನ್ ಮಾಡಿ, ನಿಂತಿದೆ ಎಂದ. ಬೇರೆ ಕಾರಣಕ್ಕೆ ಕೆಟ್ಟು ನಿಂತಿರಬಹುದಲ್ಲ ಎಂದು ಕೇಳಿದೆ. ಅವನು, "ಸರ್ರ, ನೀವು ಬಂದ ಬಿಡ್ರಿ," ಎಂದ.

ಒಡೆಯುವ ದಿನ ರಜೆ ಹಾಕಿ ಹೋದೆ. ನಾನು ಮುಟ್ಟುವ ಹೊತ್ತಿಗೆ ಓಣಿಯ ಹೆಂಗಸರು ಪಡಸಾಲೆಯಲ್ಲಿ ಸೇರಿದ್ದರು. ಗಾಜಿನೊಳಗೆ ಕೆಲವು ಮರಿಗಳು ಆಗಲೇ ಒಣಗಿ ಹತ್ತಿಯುಂಡೆಗಳಾಗಿದ್ದವು, ಕೆಲವು ಇನ್ನೂ ಒದ್ದೆಯಾಗಿ ಓಲಾಡುತ್ತಿದ್ದವು. ಎಲ್ಲ ತತ್ತಿಯೂ ಒಡೆಯಲಿಲ್ಲ, ಕೋಳಿಯ ಕೆಳಗೂ ಎಲ್ಲವೂ ಒಡೆಯುವುದಿಲ್ಲ ಎಂದು ಅವರೇ ಹೇಳಿಕೊಂಡರು. ಆದರೆ ಮೂರು ಗೆರೆಯ ತತ್ತಿ ಇನ್ನೂ ಹಾಗೇ ಇತ್ತು. ಕಾಕು ಅದರ ಎದುರಿಗೇ ಕೂತಿದ್ದಳು. ಲಗಮವ್ವ ಬಾಗಿಲ ಹತ್ತಿರ ನಿಂತೇ ಇದ್ದಳು, ಕೂರಲಿಲ್ಲ. ಮುಚ್ಚಳ ತೆಗೆದು ಒಂದು ಸಲ ನೋಡಲೇ ಎಂದು ನನ್ನ ಕೈ ಎರಡು ಬಾರಿ ಮುಂದೆ ಹೋಯಿತು. ಪರಶುರಾಮ ಎರಡು ಬಾರಿಯೂ ಮೆಲ್ಲಗೆ ಕೈ ಹಿಡಿದ.

ಚಹಾ ಬಂದು ಹೋಯಿತು. ಇನ್ನೊಂದು ಸಲವೂ ಬಂತು. ಆಗ ಮೊದಲನೆಯ ಗೆರೆಯ ಮೇಲೆ ಒಂದು ಬಿರುಕು ಕಂಡಿತು, ಅದರೊಳಗೆ ಕೊಕ್ಕಿನ ತುದಿ. ಬಹಳ ಹೊತ್ತು ಹಿಡಿದು, ನಡುನಡುವೆ ಸುಸ್ತಾಗಿ ನಿಂತು, ಕೊನೆಗೆ ಆ ಮರಿ ತತ್ತಿಯ ಚಿಪ್ಪನ್ನು ಎರಡು ಭಾಗ ಮಾಡಿ ಹೊರಗೆ ಬಿತ್ತು. ತಲೆ ಸರಿಯಾಗಿಯೇ ಇತ್ತು.

ಶಾಂತಾ ಕಾಕು ಎದ್ದು ಹೊರಗೆ ಹೋದಳು. ಒಂದು ಮರಿಯನ್ನು ಅರ್ಧ ಮಾಡುವುದು ಹೇಗೆ ಎಂದು ಜಗಳ ಬರುತ್ತದೆಯೋ ಎಂದು ನಾನು ಆಗಲೇ ಚಿಂತೆ ಶುರು ಮಾಡಿದ್ದೆ. ಅವಳು ತಿರುಗಿ ಬಂದಾಗ ಉಡಿಯಲ್ಲಿ ತತ್ತಿಗಳಿದ್ದವು, ಎಷ್ಟೆಂದರೆ ಎರಡು ಕೈಯಿಂದ ಉಡಿ ಹಿಡಿದುಕೊಂಡು ನಡೆಯುತ್ತಿದ್ದಳು. ಒಂದರ ಮೇಲೂ ಇದ್ದಲಿನ ಗುರುತಿರಲಿಲ್ಲ.

ಲಗಮವ್ವ ನೋಡಿದಳು. "ಕಾಕು, ಗೆರಿ ಹಾಕಿಲ್ಲಲ್ಲ?"

"ಏನ್ ಮಾಡೂದೈತಿ," ಎಂದಳು ಕಾಕು. "ಪೆಟಿಗಿ ಖಾಲಿ ಆದ ಕೂಡ್ಲೆ ಇಡು."

ಲಗಮವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ಆವತ್ತು ಮೊದಲ ಸಲ ಗೋಡೆಗೆ ಒರಗಿ ಕೂತಳು.